ಕೊನೆಯಲ್ಲಿ ಬಿಡಬೇಕಾದ ಮೀನು

ಹೆರ್ನೆ,
ಸೆಪ್ಟೆಂಬರ್ ೧೪, ಭಾನುವಾರ

ಪ್ರೀತಿಯ ತಮ್ಮ ವೋಲ್ಕರ್,

ಹೇಗಿದ್ದೀಯ? ಕೈ ನಡುಕ ಪೂರ್ತಿ ನಿಂತಿತೆ, ನಿದ್ದೆ ಬರುತ್ತಿದೆಯೆ? ಆಸ್ಪತ್ರೆಯ ಕಾಫಿ, ಪಾತ್ರೆ ತೊಳೆದ ನೀರಿನಂತಿದೆ ಎಂದು ನೀನು ಬರೆದಿದ್ದೆ. ಬಯ್ಯುವಷ್ಟು ಚೇತರಿಸಿಕೊಂಡಿದ್ದೀಯ ಎಂದು ಸಮಾಧಾನವಾಯಿತು. ನನ್ನ ಮೊಣಕಾಲು ಎಂದಿನಂತೆ ಮೆಟ್ಟಿಲು ಕಂಡರೆ ಮುನಿಯುತ್ತದೆ. ಉಟೆ ಚೆನ್ನಾಗಿದ್ದಾಳೆ. ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ ಎಂದರೆ ಏನರ್ಥ ಎಂದು ನಿನಗೆ ಗೊತ್ತು: ಕೆಲಸ ಮಾಡುತ್ತಾಳೆ, ಮಾತು ಕಡಿಮೆ.

ನಿನ್ನ ಕಾಗದ ಬುಧವಾರ ಬಂತು. ಕುಡಿತ ಬಿಡಿಸುವ ಚಿಕಿತ್ಸೆ ಮುಗಿಸಿದವರಿಗೆಂದು ಆ ಊರಿನಲ್ಲೇ ಒಂದು ವಸತಿಗೃಹವಿದೆ, ಅಲ್ಲಿ ಕೋಣೆ ಸಿಗುತ್ತದೆ, ಬರುವ ಶುಕ್ರವಾರ ಬಿಡುಗಡೆಯ ದಿನವೇ ಒಪ್ಪಿಗೆಗೆ ಸಹಿ ಹಾಕುತ್ತೇನೆ ಎಂದಿದ್ದೀಯ. 'ನಾನು ಯಾರ ಜೊತೆಗೂ ಹೊಂದುವವನಲ್ಲ, ಉಟೆಯನ್ನೇ ಕೇಳು' ಎಂಬ ಸಾಲನ್ನು ಅಡಿಗೆರೆ ಎಳೆದು ಬರೆದಿದ್ದೀಯ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಯಾಕೆ ಇಲ್ಲ ಎಂದು ನೇರವಾಗಿ ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಮೀನಿನ ಸುದ್ದಿ ಬರೆಯುತ್ತೇನೆ.

ಮನೆಯಲ್ಲಿ ಮೀನು, ಹವಳ ಸಾಕುವ ಗಾಜಿನ ತೊಟ್ಟಿಗೆ ಮತ್ತೆ ಜೀವ ಬಂದಿದೆ. ಆ ಕ್ರಿಸ್‌ಮಸ್ ಸಂಜೆಯ ವಿಷಯ ನೀನು ಪ್ರತಿ ಕಾಗದದಲ್ಲೂ ಎತ್ತುತ್ತೀಯ, ನಾನು ಒಂದೇ ಸಲ ಎತ್ತಿ ಕೆಳಗಿಡುತ್ತೇನೆ. ನೀನು ಕುಡಿದಿದ್ದೆ, ಕ್ರಿಸ್‌ಮಸ್ ಮರದ ದೀಪಕ್ಕೆಂದು ತೊಟ್ಟಿಯ ನೀರು ಆಡಿಸುವ ಪಂಪಿನ ಪ್ಲಗ್ ಕಿತ್ತೆ, ಬೆಳಗಾಗುವಷ್ಟರಲ್ಲಿ ನೀರು ಹಾಲಿನಂತಾಗಿ ಒಳಗಿದ್ದದ್ದೆಲ್ಲ ಸತ್ತಿತ್ತು. ತನ್ನ ಬೆರಳಿನಿಂದ ಆಹಾರ ತಿನ್ನುತ್ತಿದ್ದ ಸೀಗಡಿಗಳನ್ನು ಉಟೆ ಹೂಳಲೆಂದು ಬಕೆಟ್ಟಿನಲ್ಲಿ ತೋಟಕ್ಕೆ ಒಯ್ದಳು. ಆಮೇಲೆ ಒಣಗಿದ ತೊಟ್ಟಿಯ ಮೇಲೆ ಮೇಜುಬಟ್ಟೆ ಹಾಸಿ ಹೂದಾನಿ ಇಟ್ಟಳು. ಕಳೆದ ಶರತ್ಕಾಲದಲ್ಲಿ ನಾನು ಆ ಹೂದಾನಿ ತೆಗೆದೆ. ಅವಳು ನೋಡಿದಳು, ಮೇಜುಬಟ್ಟೆ ಒಗೆಯಲು ಹಾಕಿದಳು, ಅಷ್ಟೇ.

ಉಪ್ಪುನೀರು ಹದಕ್ಕೆ ಬರಲು ತಿಂಗಳುಗಳೇ ಬೇಕು. ಅಷ್ಟೂ ಕಾಲ ಕಲ್ಲುಗಳನ್ನು ನೋಡುತ್ತ, ಯಾರನ್ನು ಯಾರ ಜೊತೆ ಬಿಡುವುದು ಎಂದು ಯೋಚಿಸುತ್ತಿದ್ದೆ. ಯಾರು ಏನು ತಿನ್ನುತ್ತಾರೆ, ಎಲ್ಲಿ ಮಲಗುತ್ತಾರೆ, ಬೆಳೆದು ಎಷ್ಟು ದೊಡ್ಡವರಾಗುತ್ತಾರೆ ಎಂದೆಲ್ಲ ಕೇಳಿಕೊಳ್ಳಬೇಕು. ಚಂದ ಮಾತ್ರ ನೋಡಿ ತಂದವರ ತೊಟ್ಟಿಯಲ್ಲಿ ಕೊನೆಗೆ ಒಂದೇ ಮೀನು ಉಳಿಯುತ್ತದೆ. ಹವಳಗಳೂ ಸಾಧುಗಳಲ್ಲ. ಅಕ್ಕಪಕ್ಕ ಇಟ್ಟರೆ ಒಂದನ್ನೊಂದು ಸುಡುತ್ತವೆ, ನಡುವೆ ಒಂದು ಗೇಣು ಬಿಡಬೇಕು. ಒಂದೇ ಆಕಾರದ ಮೀನುಗಳು ಪರಸ್ಪರ ಸಹಿಸುವುದಿಲ್ಲ. ಅಣ್ಣತಮ್ಮಂದಿರ ಹಾಗೆ ಎಂದು ನಾನು ಬರೆಯುವುದಿಲ್ಲ, ನೀನೇ ಓದಿಕೊಳ್ಳುತ್ತೀಯ. ಮೊದಲು ಬಸವನಹುಳುಗಳು ಬಂದವು. ಆಮೇಲೆ ಗುಳಿ ತೋಡುವ ಒಂದು ಕುರುಡು ಸೀಗಡಿ, ಅದರ ಬಾಗಿಲು ಕಾಯುವ ಪುಟ್ಟ ಮೀನು. ಸೀಗಡಿ ಮರಳು ಹೊರುವಾಗ ಒಂದು ಮೀಸೆಯನ್ನು ಸದಾ ಆ ಮೀನಿನ ಬಾಲಕ್ಕೆ ತಾಗಿಸಿಕೊಂಡೇ ಇರುತ್ತದೆ. ಉಟೆ ಚಹಾ ಕಪ್ಪು ಹಿಡಿದು ಅದರ ಮುಂದೆ ನಿಲ್ಲುವುದನ್ನು ನೋಡಿದೆ, ನೋಡಲಿಲ್ಲವೆಂಬಂತೆ ದಾಟಿ ಹೋದೆ. ಆಮೇಲೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನುಗಳ ಜೋಡಿ. ಹೆಣ್ಣು ದೊಡ್ಡದು, ಗಂಡು ಅದು ಹೇಳಿದಂತೆ ಕೇಳುತ್ತದೆ. ಜಗಳಗಂಟ ಯಾವುದೇ ಇರಲಿ, ಅದನ್ನು ಎಲ್ಲರಿಗಿಂತ ಕೊನೆಯಲ್ಲಿ ಬಿಡಬೇಕು. ಉಳಿದವರಿಗೆ ಅಷ್ಟರಲ್ಲಿ ತಮ್ಮ ತಮ್ಮ ಬಿಲ ಸಿಕ್ಕಿರುತ್ತದೆ.

ಆ ಕೊನೆಯ ಜಾಗಕ್ಕೆ ನಾನು ಆರಿಸಿದ್ದು ಒಂದು ಹಳದಿ ಮೀನು. ಬಾಲದ ಬುಡದಲ್ಲಿ ಮಡಚಿಟ್ಟ ಚೂರಿಯಂಥ ಮುಳ್ಳಿರುವ ಜಾತಿ. ಮೀನು ಸಾಕುವವರ ನಮ್ಮ ಸಂಘದ ಒಬ್ಬರ ತೊಟ್ಟಿಯಲ್ಲಿ ತನ್ನದೇ ಜಾತಿಯ ಇನ್ನೊಂದನ್ನು ಸೀಳಿ ಕೊಂದಿತ್ತು, ಅದಕ್ಕೇ ಹಿಡಿದು ಬಕೆಟ್ಟಿಗೆ ಹಾಕಿದ್ದರು. ಯಾರಿಗೂ ಬೇಡವಾಗಿತ್ತು. ಸಂಘದ ಅಧ್ಯಕ್ಷ ವೀಚೊರೆಕ್ ನಿನಗೆ ನೆನಪಿರಬೇಕು, ಬಿಯರಿನ ನೊರೆಯನ್ನೂ ಅಳೆದು ನೋಡುವ ಮನುಷ್ಯ. ಯಾವುದು ಯಾವುದಕ್ಕೆ ಹೊಂದುತ್ತದೆ ಎಂದು ಹಸಿರು, ಹಳದಿ, ಕೆಂಪು ಚೌಕಗಳ ಪಟವೊಂದನ್ನು ಅವನು ಸಂಘದ ಗೋಡೆಗೆ ತೂಗುಹಾಕಿದ್ದಾನೆ. ಪಟದ ಪ್ರಕಾರ ಈ ಜಾತಿಗೆ ಹಳದಿ ಚೌಕ, ಅಂದರೆ ಎಚ್ಚರಿಕೆ. ಅವನು ನನ್ನ ಕಣ್ಣೆದುರೇ ಬಣ್ಣದ ಪೆನ್ಸಿಲ್ ತೆಗೆದು ಆ ಚೌಕವನ್ನು ಕೆಂಪು ಮಾಡಿದ. "ನೋಡು ಹಾರ್ಟ್‌ಮುಟ್, ಜಾತಿ ಬೇರೆ, ಇವನು ಬೇರೆ. ಇವನ ಹಳೇ ಕಥೆ ಎಲ್ಲರಿಗೂ ಗೊತ್ತು. ಕೆಂಪು ಅಂದ್ರೆ ಕೆಂಪು." ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಂತು ಕಾಯುವ ಜನ ನಾವು ಜರ್ಮನರು. ನಾನು ಬಕೆಟ್ ಎತ್ತಿಕೊಂಡೆ. "ನಿನ್ನ ಹೆಂಡ್ತಿ ಇದನ್ನೂ ತೋಟಕ್ಕೆ ಹೊತ್ತು ಹಾಕ್ಬೇಕಾಗುತ್ತೆ, ನೆನಪಿಟ್ಕೋ" ಎಂದು ಅವನು ಹಿಂದಿನಿಂದ ಹೇಳಿದ. ಉಟೆ ಬಾಗಿಲು ತೆರೆದು ಬಕೆಟ್ಟಿನೊಳಗೆ ಇಣುಕಿದಳು. "ಇನ್ನೊಬ್ಬ ಪುಂಡನಾ? ನಿಂಗೆ ಎಲ್ಲಿಂದ ಸಿಗ್ತಾರೋ ಇವ್ರು."

ನಡೆದದ್ದು ಮಾತ್ರ ಪಟದಲ್ಲಿರಲಿಲ್ಲ. ಪುಂಡ ಯಾರ ತಂಟೆಗೂ ಹೋಗಲಿಲ್ಲ. ಹಸಿರು ಚೌಕದ ಸಾಧು ಪ್ರಾಣಿ, ಆ ಕ್ಲೌನ್ ಹೆಣ್ಣು, ಅವನು ಎಲ್ಲಿ ತಲೆ ಹಾಕಿದರೂ ಅಟ್ಟಿಸಿಕೊಂಡು ಬಂತು. ಈ ಬಿಲ ನನ್ನದು, ಆ ಕಲ್ಲೂ ನನ್ನದು, ಬೆಳಕೂ ನನ್ನದು. ಅವನ ರೆಕ್ಕೆ ಹರಿಯಿತು, ಬಣ್ಣ ಬೂದಿಯಾಯಿತು, ಚೂರಿ ಬಿಚ್ಚುವುದನ್ನೇ ಮರೆತು ಪಂಪಿನ ಕೊಳವೆಯ ಹಿಂದೆ ನಿಂತುಬಿಟ್ಟ, ಊಟಕ್ಕೂ ಬರಲಿಲ್ಲ. ಹೊಂದಿಕೊಳ್ಳಲಾರದವನು ಯಾರು ಎಂದು ಕೇಳುವಾಗ ನಾವೆಲ್ಲ ಯಾವಾಗಲೂ ಬಕೆಟ್ಟಿನೊಳಗೇ ನೋಡುತ್ತೇವಲ್ಲ ಎನ್ನಿಸಿತು. ವೀಚೊರೆಕ್ ಫೋನಿನಲ್ಲಿ ನಕ್ಕ: "ಹೇಳಿರ್ಲಿಲ್ವಾ? ಹಿಡಿದು ವಾಪಸ್ ತಾ." ಅದೇ ದಿನ ಮಾರ್ಲಿಸ್ ಅಕ್ಕನ ಫೋನೂ ಬಂತು, ನಿನ್ನ ವಿಷಯಕ್ಕೆ. "ಅವನು ಅಲ್ಲೇ ಇರ್ಲಿ ಹಾರ್ಟ್‌ಮುಟ್. ಚಿಕ್ಕಂದಿನಿಂದ ಯಾರ ಜೊತೆ ಹೊಂದಿದಾನೆ ಹೇಳು? ನಿಂಗೆ ಸಾಕೋ ಹುಚ್ಚು, ಅದಕ್ಕೇ ಸಿಕ್ಕಿದ್ದನ್ನೆಲ್ಲ ಮನೆಗೆ ತರ್ತೀಯ." ಹೌದು, ಮನೆಗೇ ತರುತ್ತೇನೆ ಎಂದು ಹೇಳಿ ಫೋನ್ ಇಟ್ಟೆ. ವೀಚೊರೆಕ್‌ನಿಗೂ ಅದೇ ಉತ್ತರ: ವಾಪಸ್ ಕೊಡುವುದಿಲ್ಲ.

ಆದರೆ ಉತ್ತರ ಕೊಟ್ಟು ನಾನು ಮಾಡಿದ್ದು ಕುರ್ಚಿಯಲ್ಲಿ ಕುಳಿತು ನೋಡಿದ್ದಷ್ಟೆ. ಬಟಾಣಿ ಸೂಪಿನ ಪಾತ್ರೆ ಒಲೆಯ ಮೇಲೆ ಬಿಟ್ಟು ಉಟೆ ಬಂದಳು. ಅಂಗಿಯ ತೋಳು ಮೇಲಕ್ಕೆ ಮಡಚಿದಳು. "ಸುಮ್ನೆ ನೋಡ್ತಾ ಕೂತ್ರೆ ಅದು ಸಾಯುತ್ತೆ. ಎದ್ದೇಳು, ಕಲ್ಲು ತೆಗಿ." ಯಾವ ಕಲ್ಲು ಎಂದೆ. "ಎಲ್ಲಾ ಕಲ್ಲೂ. ಎಲ್ಲರ ಮನೆನೂ ಕೆಡವು. ನಾನೇ ಮೊದಲು ಬಂದೋಳು ಅನ್ನೋ ಜಂಬ ಯಾರಿಗೂ ಇರಬಾರದು." ಮೀನು ಸಾಕುವವರೆಲ್ಲ ಬಲ್ಲ ಉಪಾಯ ಇದು, ಕೈ ಹಾಕುವವರು ಕಡಿಮೆ, ತಿಂಗಳುಗಟ್ಟಲೆ ಜೋಡಿಸಿದ್ದು ಹಾಳಾಗುತ್ತದೆ. ಸೀಗಡಿಯ ಗುಳಿಯನ್ನು ಮಾತ್ರ ಮುಟ್ಟದೆ, ಉಳಿದದ್ದನ್ನು ಎಡದ್ದು ಬಲಕ್ಕೆ, ಕೆಳಗಿನದ್ದು ಮೇಲಕ್ಕೆ ಮಾಡಿದೆವು. ಕ್ಲೌನ್ ಹೆಣ್ಣು ಉಟೆಯ ಮಣಿಕಟ್ಟು ಕಚ್ಚಿತು. "ಕಚ್ಚು, ಕಚ್ಚು. ನಿನ್ನ ಜಾಗದಲ್ಲಿದ್ರೆ ನಾನೂ ಹಾಗೇ ಮಾಡ್ತಿದ್ದೆ" ಎಂದಳು ಅದಕ್ಕೆ. ನೀರು ತಿಳಿಯಾದಾಗ ಎಲ್ಲರೂ ಹೊಸ ಬಾಡಿಗೆಮನೆಗೆ ಬಂದವರಂತೆ ಮೂಲೆ ಮೂಲೆ ಮೂಸುತ್ತಿದ್ದರು. ಮರುದಿನ ಪುಂಡನೂ ಉಳಿದವರ ಜೊತೆ ಹಾಗೇ ಮೂಸುತ್ತ ಹೊರಬಂದ, ಕಲ್ಲಿಗಂಟಿದ ಪಾಚಿ ಕಿತ್ತು ತಿಂದ.

ಇದು ಸ್ವರ್ಗ ಎಂದು ತಿಳಿಯಬೇಡ. ಎತ್ತಿಡುವಾಗ ಒಂದು ಹವಳ ಮುರಿದು ಸತ್ತಿತು. ಮೊನ್ನೆ ಪುಂಡ ಒಮ್ಮೆ ಚೂರಿ ಬಿಚ್ಚಿದ, ಹೆಣ್ಣು ಹಿಂದೆ ಸರಿಯಿತು, ಅವನು ಮಡಚಿಕೊಂಡ. ನಾಳೆ ಏನೋ ಗೊತ್ತಿಲ್ಲ. ವೀಚೊರೆಕ್‌ನ ಪಟ ಹಾಗೇ ಕೆಂಪಾಗಿದೆ, ಅಳಿಸು ಎಂದು ನಾನು ಕೇಳುವುದೂ ಇಲ್ಲ. ನಿನ್ನೆ ಊಟಕ್ಕೆ ಹೋದಾಗ ಉಟೆ ನನ್ನ ಕುರ್ಚಿಯಲ್ಲಿ ಕುಳಿತಿದ್ದಳು. ನಾನು ಯಾಕೆ ಎಂದು ಕೇಳದೆ ಗೋಡೆ ಬದಿಯ ಕುರ್ಚಿ ಎಳೆದುಕೊಂಡೆ. ಅಲ್ಲಿಂದ ಕಿಟಕಿ ಕಾಣುತ್ತದೆ ಎಂದು ಇಷ್ಟು ವರ್ಷ ನನಗೆ ತಿಳಿದೇ ಇರಲಿಲ್ಲ.

ಹೊಂದುವವನಲ್ಲ ಎಂದು ಇನ್ನೊಮ್ಮೆ ಬರೆಯಬೇಡ. ಅದು ನೀನೊಬ್ಬನೇ ತೀರ್ಮಾನಿಸುವ ವಿಷಯವಲ್ಲ. ಚೆನ್ನಾಗಿ ಊಟ ಮಾಡು, ಕಾಫಿಯನ್ನು ಬಯ್ಯುತ್ತಿರು, ನಿನಗೆ ಒಳ್ಳೆಯದಾಗಲಿ.

ನಿನ್ನ ಅಣ್ಣ,
ಹಾರ್ಟ್‌ಮುಟ್

ಮರೆಯುವ ಮುಂಚೆ: ಲಕೋಟೆ ಅಂಟಿಸುವಷ್ಟರಲ್ಲಿ ಉಟೆ ಕಾಗದ ಕಿತ್ತುಕೊಂಡು ಓದಿದಳು. ಶುಕ್ರವಾರ ನಿನ್ನನ್ನು ಕರೆತರಲು ಬರುವುದು ನಾನಲ್ಲ, ಅವಳು. ಒಬ್ಬಳೇ. "ಆ ಕ್ರಿಸ್‌ಮಸ್ಸಿಂದ ಹೊಟ್ಟೇಲಿ ಇಟ್ಕೊಂಡಿರೋದೆಲ್ಲ ಅವನಿಗೆ ಹೇಳ್ಬೇಕು. ಕಾರಲ್ಲಾದ್ರೆ ಎದ್ದು ಹೋಗೋಕಾಗಲ್ಲ. ದಾರೀಲೇ ಮುಗಿಸ್ತೀನಿ, ಮನೆ ಒಳಗೆ ತರಲ್ಲ" ಎಂದಳು. ಆ ವಸತಿಗೃಹಕ್ಕೆ ಸಹಿ ಹಾಕಬೇಡ. ಪೆಟ್ಟಿಗೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿರು, ಕಾಯಿಸಿದರೆ ಅದಕ್ಕೂ ಸೇರಿಸಿ ಬಯ್ಯುತ್ತಾಳೆ.