ಫ್ಯಾನಿಗೆ ಮಿಸ್ತ್ರಿನ್ನ ಕರಸಬ್ಯಾಡ

ಮಾದೇವಿ,

ನೀನೂ ಕೂಸೂ ಮಲಗಿದ್ರಿ, ಎಬ್ಬಸಲಿಲ್ಲ. ಮಾಸೂರಿಗೆ ಹೊಂಟೇನಿ, ಸಂಜಿ ಬಸ್ಸಿಗೆ ಬರ್ತೇನಿ.

ಟೇಬಲ್ ಫ್ಯಾನ್ ತಿರಗವಲ್ದು ಅಂತ ಮಿಸ್ತ್ರಿನ್ನ ಕರಸಬ್ಯಾಡ. ಮೊದಲ ನಡುಮನಿ ದೀಪ ಹತ್ತತೈತೋ ಇಲ್ಲೋ ನೋಡು. ಹತ್ತಿದ್ರ ಕರೆಂಟ್ ಐತಿ. ಆಮ್ಯಾಲೆ ಫ್ಯಾನಿನ ಪಿನ್ ತಗದು ರೆಕ್ಕಿ ಕೈಲೆ ತಿರುವು. ಬಿಗಿ ಅನಿಸಿದ್ರ ಹೊಲಿಗಿ ಮಿಷನ್ನಿನ ಎಣ್ಣಿ ಎರಡ ಹನಿ ಬಿಡು. ಕೊಬ್ಬರಿ ಎಣ್ಣಿ ಬ್ಯಾಡ, ನಿಮ್ಮವ್ವ ಒಮ್ಮೆ ಹಾಕಿ ಕೆಡಿಸಿದ್ಲು. ಧೂಳ ಒರಸು, ಎಂಟು ತಿಂಗಳದ್ದೈತಿ.

ಇಷ್ಟೆಲ್ಲಾ ಮಾಡಿದ್ರೂ ಅದು ತಿರಗೂದಿಲ್ಲ. ಅದಕ್ಕೇನೂ ಆಗಿಲ್ಲ. ಬೋರ್ಡಿನಾಗಿನ ಪ್ಲಗ್ಗಿನ ಫ್ಯೂಜ್ ನಾನ ತಗದೇನಿ. ನಿನ್ನೆ ನೀ ಕೇಳಿದಾಗ ಸುಮ್ಮನ ಬೈದೆ. ಬಾಯಿಲೆ ಹೇಳಾಕ ಆಗಲಿಲ್ಲ.

ನಿಮ್ಮವ್ವ ಹೋದ ದಿನ ಮಂಚದ ಕಡೆ ಫ್ಯಾನ್ ಹಚ್ಚಿದ್ದೆ. ಅಕಿ ಎದಿ ಮ್ಯಾಲಿನ ಸೆರಗು ಏಳತಿತ್ತು, ಇಳೀತಿತ್ತು. ಉಸರಾಡಾಕತ್ತಾಳ, ನಿದ್ದಿ ಹತ್ತೇತಿ ಅಂತ ತಿಳದು ಮಗ್ಗಲದಾಗ ಕುಂತು ಪೇಪರ್ ಓದಿದೆ. ನೆರೆಮನಿ ಮಂಜವ್ವ ಬಂದು ಫ್ಯಾನ್ ಬಂದ್ ಮಾಡಿದ್ಲು. ಸೆರಗು ನಿಂತತು. ನೀ ಬಸರಿ ಅಂತ ನಿನಗ ಯಾರೂ ಇದನ್ನ ಹೇಳಲಿಲ್ಲ.

ಫ್ಯೂಜ್ ಅಕಿ ಎಲಿ-ಅಡಿಕಿ ಚಂಚಿಯೊಳಗ ಐತಿ. ಮೇನ್ ಬಂದ್ ಮಾಡಿ ಹಾಕು, ಒದ್ದಿ ಕೈಲೆ ಮುಟ್ಟಬ್ಯಾಡ. ಕೂಸಿಗೆ ಭಾಳ ಸೆಕಿ ಆಗಾಕತ್ತೇತಿ, ಹಚ್ಚು.

ಹಚ್ಚಿದಾಗ ಮಾತ್ರ ಕೂಸಿಗೆ ಸೀರಿ ಹೊಚ್ಚಬ್ಯಾಡ. ನಾ ಬಂದಾಗ ಅದರ ಎದಿ ನನಗ ಕಾಣಬೇಕು.

ನಿಮ್ಮಪ್ಪ