ಗೋಡೆಯ ಮೇಲಿನ ನನ್ನ ಮುಖಗಳು

ಶಿವಮೊಗ್ಗ
ನವೆಂಬರ್ ೧೯೯೮

ಪ್ರೀತಿಯ ಅಮ್ಮನಿಗೆ,

ರಂಜಿನಿಯ ನಮಸ್ಕಾರಗಳು. ಚಿತ್ರಪ್ರದರ್ಶನ ನಿನ್ನೆ ಮುಗಿಯಿತು. ಜನ ನಗುತ್ತಾರೆಂದು ನೀನು ಹೆದರಿದ್ದೆ. ಯಾರೂ ನಗಲಿಲ್ಲ.

ಚಂದ್ರಹಾಸ ನನ್ನನ್ನು ಬಿಟ್ಟು ಬೇರೆ ಮದುವೆಯಾದ ಮೇಲೆ, ಭದ್ರಾವತಿಯ ನಮ್ಮ ಮನೆಯಲ್ಲಿ ಕನ್ನಡಿ ಮುಂದೆ ಕೂತು ನನ್ನ ಮುಖವನ್ನೇ ಬರೆಯುತ್ತಿದ್ದೆನಲ್ಲ, ನೆಂಟರು ಬಂದಾಗ ನೀನು ಆ ಚಿತ್ರಗಳಿಗೆ ಹಳೇ ಸೀರೆ ಹೊದಿಸುತ್ತಿದ್ದೆ. ಅತ್ತು ಊದಿದ ಕಣ್ಣು, ಬಾಚದ ತಲೆ, ತಾಳಿಯಿಲ್ಲದ ಕುತ್ತಿಗೆ, ಎಲ್ಲವನ್ನೂ ಇಲ್ಲಿ ಗೋಡೆಯ ತುಂಬ ತೂಗುಹಾಕಿದ್ದೆವು.

ಕೊನೆಯ ದಿನ ಅವನೂ ಬಂದ. ಒಂದೊಂದೇ ಚಿತ್ರದ ಮುಂದೆ ನಿಂತು ನೋಡಿ, "ಇಷ್ಟೊಂದು ನೋವಾಗಿತ್ತಾ ರಂಜಿನಿ? ಒಂದು ಮಾತು ಹೇಳಬಾರದಿತ್ತಾ?" ಎಂದ.

"ಹೇಳಿದ್ದೆ. ನೀವು ಕೇಳಿಸ್ಕೊಳ್ಳಲಿಲ್ಲ ಅಷ್ಟೇ" ಎಂದೆ.

ಅವನನ್ನು ಬೈಯಲು ಎಷ್ಟೋ ಮಾತು ಕೂಡಿಟ್ಟಿದ್ದೆ. ಒಂದೂ ನೆನಪಾಗಲಿಲ್ಲ, ಬೇಕೆನಿಸಲೂ ಇಲ್ಲ. ಅವನು ಮೆಟ್ಟಿಲಿಳಿದು ಹೋದ ಮೇಲೆ ವಿಪರೀತ ಹಸಿವಾಯಿತು. ಗೆಳತಿ ಸಮತಾ ಜೊತೆ ಹೋಟೆಲಿಗೆ ಹೋಗಿ ಎರಡು ಮಸಾಲೆದೋಸೆ ತಿಂದೆ. "ನಿಧಾನ ಮಾರಾಯ್ತಿ, ಯಾರೂ ಕಿತ್ಕೊಳ್ಳಲ್ಲ" ಎಂದು ಅವಳು ನಕ್ಕಳು. ನಾನೂ ನಕ್ಕೆ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಅಡುಗೆ ಬೇಗ ಮುಗಿಸಿಕೊಂಡು ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ಕೂತಿರಬೇಕು ನೀನು. ನನ್ನ ಮುಖ ನನಗೆ ಸಾಕಾಗಿದೆ. ಇನ್ನು ನಿನ್ನದನ್ನು ಬರೆಯುವ ಆಸೆ.

ನಿನ್ನ ಮಗಳು,
ರಂಜಿನಿ