ಮಾದರಿ ಜಾಹೀರಾತಿನ ನಂಬರು

ಗುರುವಾರ, ೧೨ ಮಾರ್ಚ್

ಮಗಳೇ,

ನೀನು, ಅಳಿಯಂದಿರು ಇಬ್ಬರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಎರಡು ವಾರ ದಾಟಿತು, ಸಿಟ್ಟಾಗಬೇಡ. ಅಮ್ಮ ಫೋನೂ ಎತ್ತುತ್ತಿಲ್ಲ ಅಂತ ನಿಮ್ಮಪ್ಪನ ಹತ್ತಿರ ದೂರು ಹೇಳಿದೆಯಂತೆ. ಎತ್ತಿ ಏನು ಮಾಡಲಿ, ಈ ವಾರ ಗಂಟಲು ಪೂರ್ತಿ ಕಟ್ಟಿಹೋಗಿದೆ. ಬಾಯಿ ಬಿಡಲೇಬಾರದು ಎಂದು ಡಾಕ್ಟರು ಹೇಳಿದ್ದಾರೆ. ಮದುವೆಯಾದ ಮೇಲೆ ಮನೆ ಇಷ್ಟು ತಣ್ಣಗಿರುವುದು ಇದೇ ಮೊದಲು ಎಂದು ನಿಮ್ಮಪ್ಪನಿಗೆ ಒಳಗೊಳಗೇ ಖುಷಿ.

ನೀನು ಕೇಳಿದ್ದು ಮರೆತಿಲ್ಲ. ‘ತಮ್ಮ ಆ ಹಾಳು ಆಟ ಬಿಟ್ಟಿದ್ದು ನಿಜ ತಾನೇ, ನಮ್ಮ ಔಷಧಿ ಅಂಗಡಿಯ ಗಲ್ಲಾದಲ್ಲಿ ಕೂರಿಸಲೇ, ನೀನು ಹೂಂ ಅಂದರೆ ಇವರನ್ನು ನಾನು ಒಪ್ಪಿಸುತ್ತೇನೆ’ ಎಂದು ಬರೆದಿದ್ದೀಯ. ಮೊದಲಿನ ಕೆಲಸ ಅವನಿಗೆ ಅದರಿಂದಲೇ ಹೋಯಿತು, ನೀನು ಯೋಚನೆ ಮಾಡುವುದರಲ್ಲಿ ತಪ್ಪಿಲ್ಲ. ಅದಕ್ಕೆ ಬರುತ್ತೇನೆ.

ನನ್ನ ಗಂಟಲು ತಿಂದದ್ದೂ ಅದೇ ಆಟ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಈಗ ಕಾನೂನಿನ ತಡೆ ಬಿದ್ದಿದೆ, ಅವುಗಳ ಜಾಹೀರಾತು ಹಾಕುವುದೂ ತಪ್ಪು ಎಂದು ಜನರಿಗೂ ಪತ್ರಿಕೆಯವರಿಗೂ ತಿಳಿಸುವ ಹೊಣೆಯನ್ನು ನಮ್ಮ ಗ್ರಾಹಕರ ಸಂಘ ತಲೆಗೆ ಕಟ್ಟಿಕೊಂಡಿತು. ಸಂಘದ ಪ್ರಚಾರ ವಿಭಾಗ ಅಂದರೆ ನಾನು, ಒಬ್ಬ ಚಿತ್ರಗಾರ, ಕಾಗದ ನುಂಗುವ ಒಂದು ಪ್ರಿಂಟರು. ಪತ್ರಕರ್ತರಿಗೆಂದು ಸಭೆ ಇಟ್ಟೆವು. ಚಹಾ ಆದಮೇಲೆ ಅರ್ಧ ಕುರ್ಚಿ ಖಾಲಿ. ಉಳಿದವರಲ್ಲಿ ಒಬ್ಬ ಸಂಪಾದಕರು, ಅಂಗಿ ಮಾರುವ ನೆಪದಲ್ಲಿ ಆಟಕ್ಕೆ ಕರೆದರೆ ನಮಗೆ ಗೊತ್ತಾಗುವುದು ಹೇಗೆ ಎಂದು ಕೇಳಿದರು. ನ್ಯಾಯವಾದ ಮಾತೇ. ಅದನ್ನು ತೋರಿಸಿಕೊಡಲೆಂದು ನಮ್ಮ ಚಿತ್ರಗಾರ ಒಂದು ಸುಳ್ಳು ಜಾಹೀರಾತು ಮಾಡಿದ. ನಗುವ ಹುಡುಗಿ, ಕೆಂಪು ಟೀಶರ್ಟು, ‘ಆಡಿ ಗೆಲ್ಲಿ, ಇಂದೇ ಸೇರಿ’. ಕೆಳಗೊಂದು ನಂಬರು ಬೇಕಲ್ಲ? ಯಾರದೋ ನಂಬರು ಹಾಕಿದರೆ ಪಾಪ ಅವರಿಗೆ ತೊಂದರೆ ಎಂದು, ಆ ಸಭೆಗಾಗಿ ಕೊಂಡಿದ್ದ ನಮ್ಮ ಹೊಸ ಮೊಬೈಲಿನ ನಂಬರನ್ನೇ ಹಾಕಿಬಿಟ್ಟ. ಅಷ್ಟು ಒಳ್ಳೆಯವನು.

ಅದನ್ನು ಪತ್ರಿಕೆಗಳಿಗೆಲ್ಲ ಕಳಿಸಿದೆವು. ಮೇಲೆ ದಪ್ಪಕ್ಷರದಲ್ಲಿ ‘ಇದು ಮಾದರಿ, ಇಂಥವನ್ನು ನಂಬಬೇಡಿ’ ಎಂದಿತ್ತು. ಒಂದು ಪತ್ರಿಕೆಯವರು ಜಾಗ ಸಾಲದೆ ಆ ಸಾಲನ್ನೇ ಕತ್ತರಿಸಿ, ಸೋಮವಾರ ಅಚ್ಚು ಹಾಕಿದರು. ಅವತ್ತಿನಿಂದ ಮೊಬೈಲಿಗೆ ಉಸಿರಾಡಲು ಬಿಡುವಿಲ್ಲ. ಚಿತ್ರಗಾರ ನಾಚಿಕೆಯಿಂದ ಎತ್ತುವುದಿಲ್ಲ, ನಾನೇ ಎತ್ತಬೇಕು. ಒಬ್ಬ ಹೆಂಗಸು ಆಟ ಬೇಡ, ಆ ಟೀಶರ್ಟು ಮಾತ್ರ ಸಿಗುತ್ತದಾ ಎಂದಳು. ನಿವೃತ್ತ ಮೇಷ್ಟ್ರೊಬ್ಬರು ಹಿರಿಯರಿಗೆ ರಿಯಾಯಿತಿ ಇದೆಯಾ ಎಂದರು. ಎಲ್ಲರಿಗೂ ಕಾನೂನು ಬಿಡಿಸಿ ಹೇಳಿ ಹೇಳಿ ಮೊದಲ ದಿನ ಸಂಜೆಗೇ ನನ್ನ ದನಿ ಗೊಗ್ಗರಾಯಿತು. ಈಗ ಎಲ್ಲರೂ ನನ್ನನ್ನು ಸಾರ್ ಅನ್ನುತ್ತಾರೆ. ತಿದ್ದುವುದನ್ನೂ ಬಿಟ್ಟಿದ್ದೇನೆ. ತಪ್ಪಾಯಿತೆಂದು ಪತ್ರಿಕೆಯವರು ಒಳಪುಟದ ಮೂಲೆಯಲ್ಲಿ ಎರಡು ಸಾಲು ಹಾಕಿದರು, ಅದನ್ನು ಓದಿದವನು ಒಬ್ಬನೂ ನನಗೆ ಸಿಕ್ಕಿಲ್ಲ. ಸಾಕಾಗಿದೆ ಮಗಳೇ. ತಡೆ ಇದೆ ಎಂದು ಹೇಳಹೊರಟ ನಮ್ಮನ್ನೇ ಊರೆಲ್ಲ ಆಟದವರು ಅಂದುಕೊಂಡಿದೆ.

ನಿನ್ನ ತಮ್ಮ ಹೋದ ಭಾನುವಾರ ತನ್ನ ರೂಮಿನಿಂದ ಬಂದಿದ್ದ. ಚೆನ್ನಾಗಿ ಊಟ ಮಾಡಿದ. ಕೇಳಿದ್ದಕ್ಕೆ, ಬಿಟ್ಟು ಯಾವ ಕಾಲವಾಯಿತಮ್ಮ ಎಂದ. ನಿಮ್ಮಪ್ಪ ನಂಬಿ, ಹೋಗುವಾಗ ಬಸ್ಸಿನವರೆಗೂ ಬಿಟ್ಟುಬಂದರು. ನಾನೂ ನಂಬಿದೆ.

ನೀವಿಬ್ಬರೂ ನೂರು ಕಾಲ ಸುಖವಾಗಿರಿ. ಅಂಗಡಿಯಲ್ಲಿ ದಿನವಿಡೀ ನಿಂತೇ ಇರಬೇಡ, ಕಾಲು ಊದುತ್ತದೆ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಕೈ ಬರಲಿಲ್ಲ. ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದಿದ್ದೇನೆ. ಅವನನ್ನು ಗಲ್ಲಾದಲ್ಲಿ ಕೂರಿಸಬೇಡ. ಹಿಂದುಗಡೆ ಪೆಟ್ಟಿಗೆ ಬಿಚ್ಚುವ ಕೆಲಸವಿದ್ದರೆ ಕೊಡು.

ಮಂಗಳವಾರ ಮಧ್ಯಾಹ್ನ ಆ ಮೊಬೈಲಿಗೆ ಅವನೇ ಫೋನು ಮಾಡಿದ. “ಸಾರ್, ಹಳೇದೆಲ್ಲ ಬಂದ್ ಆಗಿದೆ. ನಿಮ್ಮದು ನಡೀತಿದೆಯಾ?” ಎಂದ. ಹೆತ್ತವಳಿಗೆ ಮೊದಲ ಮಾತಿಗೇ ತಿಳಿಯಿತು. ಅವನಿಗೆ ತಿಳಿಯಲಿಲ್ಲ. ಗಂಟಲಿದ್ದಿದ್ದರೆ ಕೂಗಾಡಿಬಿಡುತ್ತಿದ್ದೆ. ಇಲ್ಲದ್ದಕ್ಕೆ, ಎಲ್ಲರಿಗೂ ಹೇಳುವುದನ್ನೇ ಮೆಲ್ಲಗೆ ಹೇಳಿದೆ. ಅವನು ಫೋನು ಇಡಲಿಲ್ಲ.

“ಬಿಡೋಕೆ ಆಗ್ತಿಲ್ಲ ಸಾರ್. ಮನೇಲಿ ಬಿಟ್ಟಿದ್ದೀನಿ ಅಂದ್ಕೊಂಡಿದ್ದಾರೆ. ಹೇಳೋಣ ಅಂತ ಹೋದ್ರೆ ಅಮ್ಮ ಅರ್ಧಕ್ಕೇ ಅಳೋಕೆ ಶುರು ಮಾಡ್ತಾರೆ. ನಾನು ಸುಮ್ಮನಾಗಿಬಿಡ್ತೀನಿ.”

ಪೂರ್ತಿ ಹೇಳಿ, ನಾನು ಕೇಳುತ್ತೇನೆ ಎಂದೆ. ಹೇಳಿದ. ನಿನ್ನೆಯೂ ಮಾಡಿದ, ಇವತ್ತೂ ಮಾಡಿದ. ಇವತ್ತು, ನಿಮ್ಮ ಹತ್ತಿರ ಮಾತಾಡೋ ದಿನ ಆಡಬೇಕು ಅನ್ನಿಸೋದು ಸ್ವಲ್ಪ ಕಡಿಮೆ ಸಾರ್ ಎಂದ. ನಾಳೆಯೂ ಮಾಡಿ ಅಂದಿದ್ದೇನೆ.

ಇನ್ನೆರಡು ದಿನದಲ್ಲಿ ದನಿ ಮೊದಲಿನಂತಾಗುತ್ತದೆ ಎಂದು ಡಾಕ್ಟರು ಹೇಳಿದರು. ಮಾತ್ರೆ ನುಂಗುವುದನ್ನು ನಿಲ್ಲಿಸಿದ್ದೇನೆ. ನಿಮ್ಮಪ್ಪನಿಗೆ ಹೇಳಬೇಡ.